ಓಜಿಗೊಂದು ಕಟ್ಟು ಕೊತ್ತಂಬರಿ ಸೊಪ್ಪು

ಮೊಬೈಲಿನಲ್ಲಿ ಹೆಂಡತಿ ಕೇಳಿದಳು, "ರೀ, ಎಲ್ಲಿದೀರ?"

"ವುಲ್ವರ್‌ಹ್ಯಾಂಪ್ಟನ್."

"ಅಲ್ಲೇನು ಕೆಲಸ?"

"ಒಬ್ಬ ಟಿವಿ ಕದೀತಿದ್ದ. ಅದು ಅವನ ಮೇಲೇ ಬಿತ್ತು. ಅದನ್ನ ನೋಡ್ತಾ..."

ಆ ಕಡೆ ಮೌನ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಈ ಮೌನದ ಅರ್ಥ ನನಗೆ ಚೆನ್ನಾಗಿ ಗೊತ್ತು.

ಆದದ್ದಿಷ್ಟೇ. ಆಫೀಸ್ ಕೆಲಸಕ್ಕೆ ಬರ್ಮಿಂಗ್‌ಹ್ಯಾಮಿಗೆ ಬಂದು ಆಗ ಆರು ತಿಂಗಳಾಗಿತ್ತು. ಕವೆಂಟ್ರಿಯಿಂದ ಸಂಜೆ ರೈಲಲ್ಲಿ ವಾಪಸ್ ಬರುತ್ತಿದ್ದೆ. ಇಳಿಯಬೇಕಾದದ್ದು ನ್ಯೂ ಸ್ಟ್ರೀಟ್. ಕೈಯಲ್ಲಿ ಇಂಗ್ಲೆಂಡಿನ ರಾಕ್ ಹಾಡುಗಾರ ಓಜಿ ಆಸ್ಬೋರ್ನ್ 2009ರಲ್ಲಿ ತಂದ ಆತ್ಮಕಥೆ. ಹಳೇ ಪುಸ್ತಕದಂಗಡಿಯಲ್ಲಿ ಒಂದು ಪೌಂಡಿಗೆ ಸಿಕ್ಕಿತ್ತು. ಹುಡುಗ ಓಜಿ ರಾತ್ರಿ ಬಟ್ಟೆ ಅಂಗಡಿಗೆ ನುಗ್ಗುವ ಭಾಗಕ್ಕೆ ಬಂದಿದ್ದೆ. ಕತ್ತಲಲ್ಲಿ ಬಾಚಿಕೊಂಡು ಬಂದ ಬಟ್ಟೆ ಬೆಳಕಿಗೆ ಹಿಡಿದು ನೋಡಿದರೆ ಎಲ್ಲಾ ಮಕ್ಕಳ ಬಟ್ಟೆ! ಮತ್ತೊಮ್ಮೆ ಹೋದ. ಈ ಸಲ ಟಿವಿ ಹೊತ್ತು ಗೋಡೆ ಇಳಿಯುವಾಗ ಕಾಲು ಜಾರಿತು, ಟಿವಿ ಎದೆಯ ಮೇಲೆ. ಬುದ್ಧಿವಂತ ಕಳ್ಳನ ಹಾಗೆ ಗವಸು ಹಾಕಿಕೊಂಡಿದ್ದನಂತೆ. ಆದರೆ ಹರಿದ ಗವಸು, ಬೆರಳು ಹೊರಗೇ ಇತ್ತು. ಬೆರಳಚ್ಚು ಸಿಕ್ಕಿತು, ಪೊಲೀಸರೂ ಬಂದರು. ಕೋರ್ಟು ದಂಡ ಹಾಕಿತು. ಅಪ್ಪ ಕಟ್ಟಲ್ಲ ಎಂದ. ಬುದ್ಧಿ ಬರಲಿ ಅಂತ ಮಗನನ್ನು ಕೆಲವು ವಾರ ವಿನ್ಸನ್ ಗ್ರೀನ್ ಜೈಲಿಗೆ ಹೋಗಲು ಬಿಟ್ಟ.

ಇಷ್ಟು ಓದಿ ತಲೆ ಎತ್ತಿದರೆ ನ್ಯೂ ಸ್ಟ್ರೀಟ್ ದಾಟಿಹೋಗಿತ್ತು. ಎದುರು ಸೀಟಿನ ಅಜ್ಜಿ ನನ್ನ ನಗುವಿಗೆ ಹೆದರಿ ಬ್ಯಾಗನ್ನು ಮಡಿಲಿಗೆ ಎಳೆದುಕೊಂಡಿದ್ದಳು.

ಓಜಿ ನನಗೆ ಹೊಸಬನೇನಲ್ಲ. 1991ರಲ್ಲಿ ಹಾಸನದ ನಮ್ಮ ಮನೆಯ ಕೋಣೆಯಲ್ಲಿ ಅವನ ಪೋಸ್ಟರ್ ಇತ್ತು. ಕಣ್ಣಿಗೆ ಕಾಡಿಗೆ, ಬಿಚ್ಚಿದ ಕೂದಲು, ತೆರೆದ ಬಾಯಿ. ಅಜ್ಜಿ ಬಾಗಿಲಲ್ಲೇ ನಿಂತು, "ಕಟ್ಟೋ ಮನೆ ಮುಂದೆ ತೂಗುಹಾಕೋದನ್ನ ಒಳಗ್ಯಾಕೆ ಹಾಕಿದೀಯೋ?" ಎಂದಳು. ದೃಷ್ಟಿ ಬೊಂಬೆ ಎಂದುಕೊಂಡಿದ್ದಳು ಪಾಪ. ಆಮೇಲೆ ನಾನು ಪಿಯುಸಿ ಪಾಸಾದಾಗ, ಅದು ಇದ್ದದ್ದಕ್ಕೇ ಯಾರ ಕಣ್ಣೂ ತಾಗಲಿಲ್ಲ ಎಂದು ಅದರ ಮೂಲೆಗೆ ಕುಂಕುಮ ಇಟ್ಟಳು. ಊರಿಗೆಲ್ಲ ಸೈತಾನನ ಭಕ್ತ ಅಂತ ಹೆಸರಾದ ಮನುಷ್ಯ ನಮ್ಮ ಮನೆಯಲ್ಲಿ ಮಾತ್ರ ಕಾವಲಿಗಿದ್ದ.

ಆಗ ಗೊತ್ತಿರಲಿಲ್ಲ, ಅವನೂ ನಮ್ಮಂಥ ಮನೆಯವನೇ ಎಂದು. ಹುಟ್ಟಿದ್ದು 1948ರಲ್ಲಿ, ಬೆಳೆದದ್ದು ಬರ್ಮಿಂಗ್‌ಹ್ಯಾಮಿನ ಆಸ್ಟನ್ನಿನಲ್ಲಿ. ಪುಟ್ಟ ಮನೆ, ಆರು ಮಕ್ಕಳು. ಅಪ್ಪನಿಗೆ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ. ಅಮ್ಮ ಲೂಕಸ್ ಫ್ಯಾಕ್ಟರಿಗೆ ಹೋಗುತ್ತಿದ್ದಳು. ಹುಡುಗನಿಗೆ ಅಕ್ಷರ ಕೂಡುತ್ತಿರಲಿಲ್ಲ. ಅದಕ್ಕೆ ಡಿಸ್ಲೆಕ್ಸಿಯಾ ಎನ್ನುತ್ತಾರೆ ಅಂತ ಆಗ ಯಾರಿಗೆ ಗೊತ್ತು, ದಡ್ಡ ಅಂದರು, ಮುಗೀತು. ಹದಿನೈದಕ್ಕೆ ಶಾಲೆ ಬಿಟ್ಟ. ಕಸಾಯಿಖಾನೆಯಲ್ಲಿ ದುಡಿದ. ಅಮ್ಮನ ಫ್ಯಾಕ್ಟರಿಯಲ್ಲಿ ಕಾರಿನ ಹಾರನ್‌ಗಳಿಗೆ ಶ್ರುತಿ ಮಾಡುವ ಕೆಲಸಕ್ಕೂ ಸೇರಿದ. ಸಂಗೀತ ಲೋಕದಲ್ಲಿ ಅವನ ಮೊದಲ ನೌಕರಿ ಅದು, ಬೇರೆ ಹೇಗೆ ಹೇಳೋದು?

ನನಗೆ ಇಡೀ ಪುಸ್ತಕದಲ್ಲಿ ಜಾಸ್ತಿ ಹಿಡಿಸಿದ್ದು ಅವನ ಅಪ್ಪ. ದಂಡ ಕಟ್ಟದೆ ಮಗನನ್ನು ಜೈಲಿಗೆ ಕಳಿಸಿದನಲ್ಲ, ಅದೇ ಅಪ್ಪ. ಮಗ ಹಾಡ್ತೀನಿ ಅಂದಾಗ 250 ಪೌಂಡ್ ಸಾಲ ಮಾಡಿ ಮೈಕು, ಸ್ಪೀಕರು ಕೊಡಿಸಿದ. ಸ್ವಂತ ಮೈಕ್ ಇರೋ ಹಾಡುಗಾರ ಎಂದರೆ ಯಾವ ಬ್ಯಾಂಡ್ ಬೇಡ ಎನ್ನುತ್ತೆ? (ನಮ್ಮಪ್ಪ ಸಾಲ ಮಾಡಿ ನನಗೆ ಕೊಡಿಸಿದ್ದು ಗಣಿತದ ಟ್ಯೂಷನ್. ಅದರ ಫಲವೇ ಈ ವುಲ್ವರ್‌ಹ್ಯಾಂಪ್ಟನ್.) ಹಾಗೆ ಓಜಿಗೆ ಜೊತೆಯಾದವರೇ ಮುಂದೆ ಬ್ಲ್ಯಾಕ್ ಸಬ್ಬತ್ ಎಂಬ ಬ್ಯಾಂಡ್ ಆದರು. ಗಿಟಾರಿನ ಟೋನಿ ಅಯೋಮಿಗೆ ಫ್ಯಾಕ್ಟರಿಯ ಯಂತ್ರಕ್ಕೆ ಸಿಕ್ಕಿ ಎರಡು ಬೆರಳ ತುದಿ ಹೋಗಿದ್ದವು. ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡು ನುಡಿಸಿದ. ಮೊದಲ ಆಲ್ಬಮ್ಮಿನ ಹಾಡುಗಳನ್ನು ಒಂದೇ ದಿನದಲ್ಲಿ ರೆಕಾರ್ಡ್ ಮಾಡಿ ಮುಗಿಸಿದರು. 1970ರ ಫೆಬ್ರವರಿ 13ಕ್ಕೆ ಅದು ಹೊರಬಂತು. ನಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವಕ್ಕೆ ಮೈಕ್ ಟೆಸ್ಟಿಂಗೇ ಎರಡು ದಿನ ನಡೆಯುತ್ತೆ.

ಓದಿ ಮುಗಿಸಿದ ಮೇಲೆ ನನಗೂ ಹುಮ್ಮಸ್ಸು ಬಂತು. ಏನೂ ಮುಚ್ಚಿಡದ ಆತ್ಮಕಥೆ ನಾನೂ ಯಾಕೆ ಬರೆಯಬಾರದು? ಮೊದಲ ಅಧ್ಯಾಯ, ಬಾಲ್ಯದ ಕಳ್ಳತನ. ಎದುರುಮನೆಯ ಕಾಂಪೌಂಡ್ ಹಾರಿ ಸೀಬೆಹಣ್ಣು ಕದ್ದ ಸಾಹಸ ಬರೆದು, ಭಾನುವಾರ ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ.

"ಹಾರಿದ್ದು ನಿಮ್ಮಣ್ಣ ಕಣೋ," ಎಂದಳು ಅಮ್ಮ. "ನೀನು ಈಚೆ ನಿಂತು ಅಳ್ತಿದ್ದೆ. ನಿನ್ನ ಅಳು ಕೇಳಿಯೇ ಅವರು ಬಾಗಿಲು ತೆಗೆದದ್ದು. ಹಣ್ಣೂ ಅಲ್ಲ ಅದು, ಹೀಚು."

ಎರಡನೇ ಅಧ್ಯಾಯ ಪ್ರೇಮ. ಅದನ್ನು ಹೆಂಡತಿ ಎದುರಿಗೇ ನಿಂತು ಓದಿ, ಮೂರು ಕಡೆ ತಿದ್ದಿ, ಒಂದು ಪ್ಯಾರಾದ ಪಕ್ಕ "ಇವಳು ಯಾರು?" ಎಂದು ಬರೆದಿಟ್ಟಳು. ಅಲ್ಲಿಗೆ ನಿಂತಿದೆ ಕೆಲಸ. ಓಜಿಯ ಜಾಣತನ ನನಗೆ ಅರ್ಥವಾದದ್ದು ಆಗ. ಇವೆಲ್ಲ ನನ್ನ ನೆನಪು, ಬೇರೆಯವರ ನೆನಪು ಬೇರೆ ಇದ್ದೀತು ಅಂತ ಅವನು ಮೊದಲೇ ಹೇಳಿ ಕೈ ತೊಳೆದುಕೊಂಡಿದ್ದಾನೆ.

ಕೆಲವು ವಿಷಯದಲ್ಲಂತೂ ಎಲ್ಲರ ನೆನಪೂ ಒಂದೇ. 1982ರ ಜನವರಿ 20, ಅಮೆರಿಕದ ಡಿ ಮೊಯ್ನ್. ಯಾರೋ ವೇದಿಕೆ ಮೇಲೆ ಬಾವಲಿ ಎಸೆದರು. ಓಜಿ ರಬ್ಬರ್ ಆಟಿಕೆ ಅಂದುಕೊಂಡು ತಲೆ ಕಚ್ಚಿದ. ರಬ್ಬರ್ ಅಲ್ಲ. ರೇಬಿಸ್ ಇಂಜೆಕ್ಷನ್ ಚುಚ್ಚಿಸಿಕೊಂಡ. ಎಷ್ಟು ಹಾಡು ಹಾಡಿದರೂ ಜನ ಕೊನೆಯವರೆಗೂ ಕೇಳಿದ್ದು ಬಾವಲಿಯನ್ನೇ. 2019ರಲ್ಲಿ ಅವನೇ ತಲೆ ಕಿತ್ತು ಹಾಕಬಹುದಾದ ಬಾವಲಿ ಗೊಂಬೆ ಮಾಡಿಸಿ ಮಾರಿದ. ಮಾನ ಹೇಗೂ ಹೋಯಿತು, ನಾಲ್ಕು ಕಾಸಾದರೂ ಬರಲಿ ಅಂತ.

ಆ ಬಾವಲಿ ಕಚ್ಚಿ ತಿಂಗಳಿಗೆ, ಅಮೆರಿಕದ್ದೇ ಸ್ಯಾನ್ ಆಂಟೋನಿಯೋ. ಕುಡಿಯಲು ಹೊರಗೆ ಹೋಗದಿರಲಿ ಎಂದು, ಮುಂದೆ ಅವನ ಎರಡನೇ ಹೆಂಡತಿಯಾದ ಶರಾನ್ ಅವನ ಬಟ್ಟೆಯನ್ನೆಲ್ಲ ಬಚ್ಚಿಟ್ಟಳು. ಇನ್ನೂ ಮದುವೆ ಆಗಿರಲಿಲ್ಲ, ಆಗಲೇ ಈ ಕೆಲಸ. ಇವನು ಅವಳ ಫ್ರಾಕ್ ಹಾಕಿಕೊಂಡು ಹೊರಟ! ಹೋದವನು ಅಲ್ಲಿಯ ಯುದ್ಧ ಸ್ಮಾರಕದ ಮೇಲೆ ಮೂತ್ರ ಮಾಡಿ ಸಿಕ್ಕಿಬಿದ್ದ. ಹತ್ತು ವರ್ಷ ಆ ಊರಲ್ಲಿ ಹಾಡುವ ಹಾಗಿರಲಿಲ್ಲ.

ನಮ್ಮನೆಯಲ್ಲಿ ಬಚ್ಚಿಡುವುದು ಮೈಸೂರು ಪಾಕ್ ಡಬ್ಬಿ. ನನಗೆ ಶುಗರ್. ಡಬ್ಬಿ ವಾಷಿಂಗ್ ಮಷೀನಿನಲ್ಲಿರುತ್ತೆ ಎಂದು ನಾನು ಕಂಡುಹಿಡಿದಿದ್ದೆ. ಅದೊಂದು ಶನಿವಾರ ಗಡಿಬಿಡಿಯಲ್ಲಿ ನಾನೇ ಬಟ್ಟೆ ತುಂಬಿ ಮಷೀನ್ ಹಾಕಿದೆ. ಎರಡು ಅಂಗಿಗೆ ಇನ್ನೂ ತುಪ್ಪದ ವಾಸನೆ ಇದೆ.

2002ರಲ್ಲಿ ಕ್ಯಾಮೆರಾಗಳು ಅವನ ಮನೆಯೊಳಗೇ ನುಗ್ಗಿದವು. ಎಂಟಿವಿಯಲ್ಲಿ ಜನ ಏನು ನೋಡಿದರು? ರಿಮೋಟ್ ಹಿಡಿದು ಟಿವಿಯ ಜೊತೆ ಜಗಳವಾಡುವ ಅಪ್ಪ, ಕಂಡಕಂಡಲ್ಲಿ ಗಲೀಜು ಮಾಡುವ ನಾಯಿಗಳು, ಮಾತು ಕೇಳದ ಮಕ್ಕಳು. ಶರಾನ್‌ಳ ಹಿರಿಯ ಮಗಳು ಏಮಿ ಮಾತ್ರ ನಾನು ಬರಲ್ಲ ಎಂದು ದೂರ ಉಳಿದಳು. ಆ ಮನೆಯಲ್ಲಿ ಜಾಣೆ ಅವಳೇ ಎಂದು ನನ್ನ ಅಭಿಪ್ರಾಯ. ಅದೇ ವರ್ಷ ಶರಾನ್‌ಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಅದೂ ಕ್ಯಾಮೆರಾ ಮುಂದೆಯೇ ನಡೆಯಿತು. ಮುಂದಿನ ವರ್ಷ ಓಜಿ ತನ್ನದೇ ಜಮೀನಿನಲ್ಲಿ ಕ್ವಾಡ್ ಬೈಕಿನಿಂದ ಬಿದ್ದು ಕುತ್ತಿಗೆ, ಪಕ್ಕೆಲುಬು ಮುರಿದುಕೊಂಡ. ಊರೂರು ಸುತ್ತಿ, ಸಿಕ್ಕಿದ್ದೆಲ್ಲ ಕುಡಿದು ನುಂಗಿ ಬದುಕಿ ಉಳಿದವನು ಮನೆ ಹಿತ್ತಲಲ್ಲಿ ಬಿದ್ದ. 2019ರಲ್ಲಿ ರಾತ್ರಿ ಬಾತ್‌ರೂಮಿಗೆ ಹೋಗುವಾಗ ಕತ್ತಲಲ್ಲಿ ಎಡವಿದ. ಹಳೆ ಗಾಯಕ್ಕೆ ಹಾಕಿದ್ದ ಲೋಹದ ಸರಳುಗಳು ಕದಲಿದವು. ಇವನನ್ನು ಕತ್ತಲ ದೊರೆ ಅಂತ ಕರೀತಿದ್ದರು, ನೋಡಿ.

ಒಂದು ರಾತ್ರಿ ಪುಸ್ತಕ ಹೆಂಡತಿಯ ಕೈಗೆ ಹೋಯಿತು. ಅವಳು ನಗುತ್ತಾಳೆ ಎಂದು ಪಕ್ಕದಲ್ಲೇ ಕಾದು ಕೂತೆ. ಅರ್ಧ ದಾಟಿದ ಮೇಲೆ ಪುಟ ತಿರುವುವುದು ನಿಂತಿತು. 1989ರ ಭಾಗ. ಓಜಿ ಬೆಳಿಗ್ಗೆ ಲಾಕಪ್ಪಿನಲ್ಲಿ ಎದ್ದ. ರಾತ್ರಿ ಏನಾಯಿತೆಂದು ನೆನಪಿಲ್ಲ. ಹೆಂಡತಿಯ ಕೊಲೆಗೆ ಯತ್ನಿಸಿದ್ದೀಯ ಎಂದು ಪೊಲೀಸರು ಹೇಳಿದರು. ಕತ್ತು ಹಿಸುಕಿದ್ದ. ಮನೆಯಲ್ಲಿ ಮೂರು ಸಣ್ಣ ಮಕ್ಕಳು.

"ಇದನ್ನೂ ನಗ್ತಾ ಓದಿದ್ರಾ?"

ಇಲ್ಲ ಎಂದೆ. ನಿಜ ಹೇಳಬೇಕೆಂದರೆ, ಆ ಪುಟಗಳನ್ನು ಬೇಗ ಬೇಗ ತಿರುವಿದ್ದೆ. ಮುಂದಿನ ತಮಾಷೆ ಎಲ್ಲಿದೆ ಎಂದು ಹುಡುಕುತ್ತಾ. ಮೊದಲ ಹೆಂಡತಿ ತೆಲ್ಮಾ, ಅವಳ ಮಕ್ಕಳ ವಿಷಯದಲ್ಲೂ ಅಷ್ಟೇ. ತಾನು ಕೆಟ್ಟ ಗಂಡ, ಕೆಟ್ಟ ಅಪ್ಪ ಎಂದು ಅವನೇ ಒಪ್ಪಿಕೊಂಡಿದ್ದಾನೆ. ಅವನು ಒಪ್ಪಿಕೊಂಡ ಕೂಡಲೇ ನಾನು ಕ್ಷಮಿಸಿಬಿಟ್ಟಿದ್ದೆ, ಕ್ಷಮಿಸೋಕೆ ನಾನ್ಯಾರೋ. ಅವಳು ಕೇಳಿದಳು, "ಶರಾನ್ ಕೂಡ ಬರೆದಿದಾಳಂತಲ್ಲ, 2005ರಲ್ಲೇ. ಅದನ್ನ ಯಾಕೆ ತರಲಿಲ್ಲ?"

"ಅಂಗಡೀಲಿ ಇರಲಿಲ್ಲ." ನೋಡಿರಲೇ ಇಲ್ಲ ಎಂಬುದು ಸತ್ಯ.

2025ರ ಜುಲೈ 5ಕ್ಕೆ ವಿಲ್ಲಾ ಪಾರ್ಕ್ ಸ್ಟೇಡಿಯಮ್ಮಿನಲ್ಲಿ ಅವನ ಕೊನೆಯ ಕಾರ್ಯಕ್ರಮ. ಹುಡುಗನಾಗಿದ್ದಾಗ ಮ್ಯಾಚಿಗೆ ಬಂದವರ ಕಾರು ಕಾದು ಚಿಲ್ಲರೆ ಗಿಟ್ಟಿಸುತ್ತಿದ್ದದ್ದು ಅದೇ ಸ್ಟೇಡಿಯಮ್ಮಿನ ಸುತ್ತ. ಪಾರ್ಕಿನ್ಸನ್ ಕಾಯಿಲೆಯಿಂದ ನಿಲ್ಲಲಾಗದೆ ಸಿಂಹಾಸನದಲ್ಲಿ ಕೂತು ಹಾಡಿದ. ನನಗೆ ಟಿಕೆಟ್ ಸಿಗಲಿಲ್ಲ. ಜುಲೈ 22ಕ್ಕೆ ತೀರಿಕೊಂಡ. 76 ವರ್ಷ.

ಜುಲೈ 30ರಂದು ಬ್ರಾಡ್ ಸ್ಟ್ರೀಟಿನಲ್ಲಿ ಅವನ ಕೊನೆಯ ಮೆರವಣಿಗೆ. ಮುಂದೆ ಬ್ರಾಸ್ ಬ್ಯಾಂಡ್. ಕಪ್ಪು ಅಂಗಿಯ ಜನ ರಸ್ತೆಯ ಎರಡೂ ಬದಿ. ನಾನು ಬೆಳಿಗ್ಗೆ ತರಕಾರಿಗೆ ಹೋಗಿದ್ದವನು ಚೀಲದ ಸಮೇತ ಅಲ್ಲಿಗೇ ಹೋದೆ. ಬ್ಲ್ಯಾಕ್ ಸಬ್ಬತ್ತಿನ ನಾಲ್ವರ ಮುಖ ಇರುವ ಬೆಂಚಿನ ಸುತ್ತ ಹೂಗಳ ರಾಶಿ. ಶರಾನ್, ಮಕ್ಕಳು ಇಳಿದು ಬಂದು ಹೂವಿಟ್ಟು ಅತ್ತರು. ನನ್ನ ಮುಂದೆ ನಿಂತಿದ್ದ, ತೋಳ ತುಂಬ ಹಚ್ಚೆಯ ದೊಡ್ಡ ಮನುಷ್ಯನೂ ಅಳುತ್ತಿದ್ದ. ಜನ ಕರಗಿದ ಮೇಲೆ ನಾನೂ ಹತ್ತಿರ ಹೋದೆ. ಫೋಟೋ ತೆಗೆಯಲು ಕೈಯಲ್ಲಿದ್ದದ್ದನ್ನು ಕೆಳಗಿಟ್ಟೆ.

ಮನೆಗೆ ಬಂದು ಚೀಲ ಕೊಟ್ಟೆ. ಅವಳು ತಡಕಾಡಿದಳು. "ಟೊಮೇಟೊ ಇದೆ, ಕರಿಬೇವಿದೆ. ಕೊತ್ತಂಬರಿ ಎಲ್ಲಿ?"

ಚೀಲದಲ್ಲಿ ಬಾಡುತ್ತೆ ಎಂದು ಅದನ್ನು ಬೇರೆಯಾಗಿ ಕೈಯಲ್ಲಿ ಹಿಡಿದಿದ್ದೆ. ಫೋನ್ ತೆಗೆದು ಫೋಟೋ ನೋಡಿದೆ. ಲಿಲ್ಲಿ, ಗುಲಾಬಿ, ಮಧ್ಯದಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ಕೊತ್ತಂಬರಿ ಸೊಪ್ಪು. ಅದರ ಪಕ್ಕ ಯಾರೋ ಆಟಿಕೆ ಬಾವಲಿಯನ್ನೂ ಇಟ್ಟಿದ್ದರು.

ಅವಳು ಫೋಟೋವನ್ನು ದೊಡ್ಡದು ಮಾಡಿ ನೋಡಿದಳು. "ಬೇರು ಸಮೇತ ಇದೆ," ಎಂದಳು. "ಫ್ರೆಶ್ ಆಗಿತ್ತು, ಅಲ್ವಾ?"