ಸ್ವಿಚ್ ಕೊಳ್ಳುವ ಮುನ್ನ ವ್ಯಾಟ್‌ಗಳ ಲೆಕ್ಕ ಹಾಕಿ

ಹುಬ್ಬಳ್ಳಿಯಲ್ಲಿ ಎರಡು ಮಹಡಿಗಳಲ್ಲಿ ನಡೆಯುವ, ಇಪ್ಪತ್ತೆರಡು ಜನರ ಲೆಕ್ಕಪರಿಶೋಧಕರ ಕಚೇರಿ ನಮ್ಮದು. ಅಲ್ಲಿನ ನೆಟ್‌ವರ್ಕ್ ನೋಡಿಕೊಳ್ಳುವ ಹೊಣೆ ಒಂಬತ್ತು ವರ್ಷಗಳಿಂದ ನನ್ನ ಮೇಲಿದೆ. ಕಂಪ್ಯೂಟರ್, ಫೋನ್, ಕ್ಯಾಮೆರಾಗಳನ್ನು ಕೇಬಲ್ ಮೂಲಕ ಒಂದೇ ಜಾಲಕ್ಕೆ ಜೋಡಿಸುವ ಹಳೆಯ ನೆಟ್‌ವರ್ಕ್ ಸ್ವಿಚ್‌ಗಳನ್ನು ಬದಲಾಯಿಸಲು ಕಳೆದ ತಿಂಗಳು ಮೂರು ಕೊಟೇಶನ್ ತರಿಸಿದೆವು. ಮೂರರಲ್ಲೂ ಮೊದಲ ಸಾಲು ಒಂದೇ ಆಗಿತ್ತು: 24 ಪೋರ್ಟ್, ಗಿಗಾಬಿಟ್, ಪಿಒಇ. ಪೋರ್ಟ್ ಎಂದರೆ ಕೇಬಲ್ ಸಿಕ್ಕಿಸುವ ಕಿಂಡಿ, ಪಿಒಇ ಎಂದರೆ ನೆಟ್‌ವರ್ಕ್ ಕೇಬಲ್‌ನಲ್ಲೇ ಉಪಕರಣಕ್ಕೆ ವಿದ್ಯುತ್ತನ್ನೂ ಕಳಿಸುವ ಸೌಲಭ್ಯ. ಬೆಲೆಯಲ್ಲಿ ಮಾತ್ರ ಮೊದಲನೆಯದಕ್ಕೂ ಮೂರನೆಯದಕ್ಕೂ ಎರಡೂವರೆ ಪಟ್ಟು ಅಂತರವಿತ್ತು. "ಒಂದೇ ಸಾಮಾನಿಗೆ ಯಾಕೆ ಇಷ್ಟು ಹೆಚ್ಚು ಕೊಡಬೇಕು?" ಎಂದು ನಮ್ಮ ಹಿರಿಯ ಪಾಲುದಾರರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಅವು ಒಂದೇ ಸಾಮಾನಲ್ಲವೆಂದು ಅವರಿಗೆ ವಿವರಿಸಿದ್ದನ್ನು, ಸಣ್ಣ ಕಚೇರಿಗಳಲ್ಲಿ ಇದೇ ಹೊಣೆ ಹೊತ್ತ ಬೇರೆಯವರಿಗೂ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಅಗ್ಗದ ಮೊದಲ ಕೊಟೇಶನ್‌ನಲ್ಲಿದ್ದದ್ದು ಅನ್‌ಮ್ಯಾನೇಜ್ಡ್ ಸ್ವಿಚ್, ಅಂದರೆ ನಾವು ಯಾವ ಹೊಂದಾಣಿಕೆಯನ್ನೂ ಮಾಡಲಾಗದಂಥದ್ದು. ಅದರ ಅಪಾಯವನ್ನು ನಾವು ಒಮ್ಮೆ ಅನುಭವಿಸಿದ್ದೇವೆ. ಎರಡು ವರ್ಷಗಳ ಹಿಂದೆ, ಮಾಸಿಕ ಜಿಎಸ್‌ಟಿ ರಿಟರ್ನ್ ಆದ ಜಿಎಸ್‌ಟಿಆರ್-3ಬಿ ಸಲ್ಲಿಸಲು ಕೊನೆಯ ದಿನವಾದ 20ನೇ ತಾರೀಖಿನಂದು, ಬೆಳಿಗ್ಗೆ ಹತ್ತೂವರೆಗೆ ಇಡೀ ಕಚೇರಿಯ ನೆಟ್‌ವರ್ಕ್ ನಿಂತುಹೋಯಿತು. ಇಂಟರ್ನೆಟ್ ಇರಲಿಲ್ಲ, ಟ್ಯಾಲಿ ಡೇಟಾ ಇರುವ ಸರ್ವರ್ ಸಿಗುತ್ತಿರಲಿಲ್ಲ, ಸ್ವಿಚ್‌ನ ದೀಪಗಳೆಲ್ಲ ಒಂದೇ ಸಮನೆ ಮಿನುಗುತ್ತಿದ್ದವು. ಒಂದೊಂದೇ ಕೇಬಲ್ ಕಿತ್ತು ನೋಡುತ್ತ ಕಾರಣ ಕಂಡುಹಿಡಿಯುವಷ್ಟರಲ್ಲಿ ಎರಡು ಗಂಟೆ ಕಳೆದಿತ್ತು. ಆ ಬೆಳಿಗ್ಗೆ ಮೇಜು ಸರಿಸುವಾಗ ಯಾರೋ, ಒಳ್ಳೆಯ ಮನಸ್ಸಿನಿಂದಲೇ, ನೆಲಕ್ಕೆ ಬಿದ್ದಿದ್ದ ಕೇಬಲ್‌ನ ತುದಿಯನ್ನು ಮೇಜಿನಡಿಯ ಎಂಟು ಪೋರ್ಟಿನ ಸ್ವಿಚ್‌ಗೆ ಸಿಕ್ಕಿಸಿದ್ದರು. ಅದರ ಇನ್ನೊಂದು ತುದಿಯೂ ಅದೇ ಸ್ವಿಚ್‌ನಲ್ಲಿತ್ತು. ಕೇಬಲ್‌ನಲ್ಲಿ ಸಾಗುವ ಮಾಹಿತಿಯ ತುಣುಕಾದ ಈಥರ್ನೆಟ್ ಫ್ರೇಮ್‌ಗೆ ಆಯುಷ್ಯದ ಮಿತಿ ಇಲ್ಲವಾದ್ದರಿಂದ, ಹೀಗೆ ಲೂಪ್ ಆದಾಗ ಎಲ್ಲ ಉಪಕರಣಗಳಿಗೂ ಹೋಗುವ ಬ್ರಾಡ್‌ಕಾಸ್ಟ್ ಫ್ರೇಮ್‌ಗಳು ಸುತ್ತುತ್ತಲೇ ಇದ್ದು ಕ್ಷಣಗಳಲ್ಲಿ ಇಡೀ ಜಾಲವನ್ನು ತುಂಬಿಬಿಡುತ್ತವೆ. ಇದನ್ನು ತಡೆಯುವ ಸ್ಪ್ಯಾನಿಂಗ್ ಟ್ರೀ ವಿಧಾನವನ್ನು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ರೇಡಿಯಾ ಪರ್ಲ್‌ಮನ್ ಅವರು 1985ರಲ್ಲೇ ರೂಪಿಸಿದ್ದರು. ಅದರ ಜೊತೆಗೆ ಲೂಪ್ ಪತ್ತೆಹಚ್ಚುವ ಸೌಲಭ್ಯವೂ ಇರುವ ಮ್ಯಾನೇಜ್ಡ್ ಸ್ವಿಚ್ ನಮ್ಮ ರ‍್ಯಾಕ್‌ನಲ್ಲಿದ್ದಿದ್ದರೆ ಅದು ಆ ಮೇಜಿಗೆ ಹೋಗುವ ಒಂದು ಪೋರ್ಟನ್ನು ಮುಚ್ಚಿ, ಯಾವ ಪೋರ್ಟ್ ಎಂಬುದನ್ನೂ ತೋರಿಸುತ್ತಿತ್ತು. ಆಗ ಆ ಮೇಜಿನ ನಾಲ್ಕು ಜನರ ಕೆಲಸ ನಿಲ್ಲುತ್ತಿತ್ತೇ ಹೊರತು ಇಪ್ಪತ್ತೆರಡು ಜನರದ್ದಲ್ಲ.

ಮ್ಯಾನೇಜ್ಡ್ ಸ್ವಿಚ್ ಬೇಕೆನ್ನಲು, ಒಂದೇ ಸ್ವಿಚ್‌ನ ಪೋರ್ಟುಗಳನ್ನು ಬೇರೆ ಬೇರೆ ಜಾಲಗಳಾಗಿ ವಿಂಗಡಿಸುವ ವಿಲ್ಯಾನ್ ಇನ್ನೊಂದು ಕಾರಣ. ಕಾಯುವ ಕೋಣೆಯಲ್ಲಿ ಕುಳಿತವರ ಮೊಬೈಲ್, ಗೋಡೆಯ ಮೇಲಿನ ಕ್ಯಾಮೆರಾ, ಕಕ್ಷಿದಾರರ ಪ್ಯಾನ್ ಸಂಖ್ಯೆ ಮತ್ತು ಬ್ಯಾಂಕ್ ವಿವರಗಳಿರುವ ಸರ್ವರ್ ಇವೆಲ್ಲ ಒಂದೇ ಜಾಲದಲ್ಲಿ ಇರಲೇಬಾರದು. ಜನ ನಮ್ಮನ್ನು ನಂಬಿ ಕಾಗದಪತ್ರ ಒಪ್ಪಿಸುತ್ತಾರೆ. ಈ ವಿಷಯದಲ್ಲಿ ಉಳಿತಾಯದ ಮಾತಿಗೆ ನಾನು ಒಪ್ಪಲಾರೆ.

ಕೊಟೇಶನ್‌ಗಳಲ್ಲಿ ಬಹಳ ಜನರ ಕಣ್ಣು ತಪ್ಪಿಸುವ ಸಂಗತಿ ಪಿಒಇ ಬಜೆಟ್. ಪೋರ್ಟುಗಳೆಷ್ಟು ಎಂಬುದು ಒಂದು ಲೆಕ್ಕವಾದರೆ, ಅಷ್ಟೂ ಪೋರ್ಟುಗಳಿಗೆ ಸೇರಿ ಸ್ವಿಚ್ ಎಷ್ಟು ವಿದ್ಯುತ್ ಕೊಡಬಲ್ಲದು ಎಂಬುದು ಬೇರೆಯೇ ಲೆಕ್ಕ. 2003ರ 802.3ಎಎಫ್ ಎಂಬ ಪಿಒಇ ಮಾನದಂಡದ ಪ್ರಕಾರ ಒಂದು ಪೋರ್ಟ್ 15.4 ವ್ಯಾಟ್‌ವರೆಗೆ ಕೊಡುತ್ತದೆ, 2009ರ 802.3ಎಟಿ ಪ್ರಕಾರ 30 ವ್ಯಾಟ್‌ವರೆಗೆ. ಕೇಬಲ್‌ನಲ್ಲಿ ಆಗುವ ನಷ್ಟ ಕಳೆದು ಉಪಕರಣಕ್ಕೆ ಖಾತ್ರಿಯಾಗಿ ತಲುಪುವುದು ಕ್ರಮವಾಗಿ 12.95 ಮತ್ತು 25.5 ವ್ಯಾಟ್. ಎಲ್ಲ 24 ಪೋರ್ಟುಗಳಿಗೂ 30 ವ್ಯಾಟ್ ಕೊಡಬೇಕಾದರೆ 720 ವ್ಯಾಟ್ ಬೇಕು. ಆದರೆ ಮೊದಲ ಕೊಟೇಶನ್‌ನ ಸ್ವಿಚ್‌ನ ಒಟ್ಟು ಬಜೆಟ್ 190 ವ್ಯಾಟ್ ಮಾತ್ರ, ಉಳಿದೆರಡರದ್ದು 370. ನಮ್ಮ ಕೆಳಮಹಡಿಯಲ್ಲಿ ತಲಾ 12 ವ್ಯಾಟ್‌ನ ಹತ್ತು ಕ್ಯಾಮೆರಾ, ತಲಾ 21 ವ್ಯಾಟ್‌ನ ಎರಡು ವೈಫೈ ಆಕ್ಸೆಸ್ ಪಾಯಿಂಟ್, ತಲಾ 6 ವ್ಯಾಟ್‌ನ ಆರು ಐಪಿ ಫೋನ್‌ಗಳಿವೆ. ತಯಾರಕರು ನಮೂದಿಸಿದ ಈ ಗರಿಷ್ಠ ಬಳಕೆಯನ್ನು ಕೂಡಿದರೆ 198 ವ್ಯಾಟ್ ಆಗುತ್ತದೆ. ಹಗಲಿನಲ್ಲಿ ಕ್ಯಾಮೆರಾಗಳು ಇದರ ಅರ್ಧದಷ್ಟನ್ನೇ ಬಳಸುವುದರಿಂದ ಅಗ್ಗದ ಸ್ವಿಚ್ ಹಾಕಿಸಿದ್ದರೆ ಮೊದಲ ದಿನ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಕತ್ತಲಾಗಿ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಂಡ ಮೇಲೆ ಬಳಕೆ ಮಿತಿ ದಾಟಿದರೆ ಸ್ವಿಚ್ ಕಡಿಮೆ ಆದ್ಯತೆಯ ಪೋರ್ಟುಗಳಿಗೆ ವಿದ್ಯುತ್ ನಿಲ್ಲಿಸುತ್ತದೆ. ಅಂದರೆ ಕಾವಲು ಬೇಕಾದ ಹೊತ್ತಿನಲ್ಲೇ ಒಂದು ಕ್ಯಾಮೆರಾ ಆರಿಹೋಗಬಹುದು. ವಿದ್ಯುತ್ತೂ ಅದರಲ್ಲೇ ಸಾಗುವುದರಿಂದ ಕೇಬಲ್ ಕೂಡ ಶುದ್ಧ ತಾಮ್ರದ್ದೇ ಇರಬೇಕು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ವಿದ್ಯುತ್ ಸಾಗಿಸುವಾಗ ಹೆಚ್ಚು ಬಿಸಿಯಾಗುತ್ತದೆ.

ಮಾರಾಟಗಾರರು ಒತ್ತಿ ಹೇಳುವ ಸ್ವಿಚಿಂಗ್ ಸಾಮರ್ಥ್ಯದ (ಸೆಕೆಂಡಿಗೆ ಒಟ್ಟು ಎಷ್ಟು ಮಾಹಿತಿ ದಾಟಿಸಬಲ್ಲದು ಎಂಬ) ಅಂಕಿ ನಮ್ಮಂತಹ ಕಚೇರಿಗೆ ಮುಖ್ಯವಲ್ಲ. 24 ಗಿಗಾಬಿಟ್ ಪೋರ್ಟುಗಳಿಗೆ ಎರಡೂ ದಿಕ್ಕು ಸೇರಿ 48 ಗಿಗಾಬಿಟ್ ಸಾಕು. ಇಂದಿನ ಸಾಮಾನ್ಯ ಸ್ವಿಚ್‌ಗಳು ಅಷ್ಟನ್ನು ಕೊಡುತ್ತವೆ.

48 ಪೋರ್ಟಿನ ಒಂದೇ ಸ್ವಿಚ್ ಸಾಲದೇ ಎಂಬ ಪ್ರಶ್ನೆಯೂ ಬಂತು. ಅದು ಕೆಟ್ಟರೆ ಇಡೀ ಕಚೇರಿ ನಿಲ್ಲುತ್ತದೆ, ಜೊತೆಗೆ ಮೇಲಿನ ಮಹಡಿಯ ಪ್ರತಿಯೊಂದು ಕೇಬಲ್ಲೂ ಕೆಳಗಿನವರೆಗೆ ಬರಬೇಕಾಗುತ್ತದೆ. ಮಹಡಿಗೊಂದರಂತೆ 24ರ ಎರಡು ಸ್ವಿಚ್ ಇಟ್ಟು, ನಡುವೆ ಫೈಬರ್ ಎಳೆಯುವುದು ಲೇಸೆಂದು ನನ್ನ ಅಭಿಪ್ರಾಯ. ಕರೆಂಟ್ ಹೋದಾಗ ಕ್ಯಾಮೆರಾ, ಫೋನ್, ವೈಫೈ ಎಲ್ಲವೂ ಸ್ವಿಚ್‌ನ ಮೂಲಕವೇ ಯುಪಿಎಸ್‌ನಿಂದ ನಡೆಯುವುದರಿಂದ, ಯುಪಿಎಸ್‌ನ ಲೆಕ್ಕದಲ್ಲೂ ಆ 198 ವ್ಯಾಟ್ ಸೇರಿಸಿದ್ದೇವೆ.

ಮೂರನೆಯ ಕೊಟೇಶನ್‌ನ ಸ್ವಿಚ್ ಉತ್ತಮವಾದುದೇ. ಆದರೆ ಅದನ್ನು ಕ್ಲೌಡ್‌ನಿಂದ ನಿರ್ವಹಿಸಲು ವರ್ಷ ವರ್ಷವೂ ಲೈಸೆನ್ಸ್ ಶುಲ್ಕ ಕಟ್ಟಬೇಕು. ಹತ್ತಾರು ಶಾಖೆಗಳಿರುವ ಸಂಸ್ಥೆಗೆ ಅದು ಸರಿ; ಒಂದೇ ಕಟ್ಟಡದಲ್ಲಿ ಕುಳಿತು ಎರಡು ಸ್ವಿಚ್ ನೋಡಿಕೊಳ್ಳುವ ನನಗೆ ಅಗತ್ಯವಿಲ್ಲ. ಹಾಗಾಗಿ ಎರಡನೆಯ ಕೊಟೇಶನ್‌ಗೆ ಒಪ್ಪಿಗೆ ಪಡೆದೆವು. ಆರ್ಡರ್ ಕೊಡುವ ಮುನ್ನ ಎರಡು ಸಂಗತಿಗಳನ್ನು ಬರಹದಲ್ಲಿ ಕೇಳಿ ಪಡೆದಿದ್ದೇನೆ: ಕೆಟ್ಟಾಗ ಬದಲಿ ಸ್ವಿಚ್ ಹುಬ್ಬಳ್ಳಿಗೆ ಎಷ್ಟು ದಿನದಲ್ಲಿ ಬರುತ್ತದೆ, ಮತ್ತು ತಯಾರಕರು ಯಾವ ವರ್ಷದವರೆಗೆ ಫರ್ಮ್‌ವೇರ್ (ಸ್ವಿಚ್‌ನೊಳಗಿನ ತಂತ್ರಾಂಶ) ಅಪ್‌ಡೇಟ್ ಕೊಡುತ್ತಾರೆ.

ಈ ಭಾನುವಾರ ರ‍್ಯಾಕ್‌ನಿಂದ ಆ ಮೇಜಿನವರೆಗೆ ನಾಲ್ಕು ಹೊಸ ಕೇಬಲ್ ಎಳೆಯಲಿದ್ದೇವೆ. ಅದಾದ ಮೇಲೆ ಮೇಜಿನಡಿಯ ಎಂಟು ಪೋರ್ಟಿನ ಸ್ವಿಚ್ ಅಲ್ಲಿಂದ ಹೋಗುತ್ತದೆ.