ಕಂಚಿಗಿಂತ ಮೊದಲು ಗೆಲ್ಲಬೇಕಿದ್ದದ್ದು ಮನೆ

ಬಾದಾಮಿ ಚಾಲುಕ್ಯರ ಅರಸ ಒಂದನೆಯ ವಿಕ್ರಮಾದಿತ್ಯನ ಕುರಿತು ನಾನು ಓದಿದ ಲೇಖನವೊಂದು, ಪಲ್ಲವರ ರಾಜಧಾನಿ ಕಂಚಿಯ ಮೇಲೆ ಅವನು ನಡೆಸಿದ ದಂಡಯಾತ್ರೆಗೇ ಹೆಚ್ಚು ಜಾಗ ಕೊಟ್ಟಿದೆ; ಅದಕ್ಕೆ ಇದು ನನ್ನ ಪ್ರತಿಕ್ರಿಯೆ. ನನ್ನ ಮಟ್ಟಿಗೆ ಆ ದಂಡಯಾತ್ರೆಗಿಂತ ದೊಡ್ಡ ಸಾಹಸ ಮನೆಯೊಳಗಿನದು, ಅಂದರೆ ಸ್ವಂತ ರಾಜ್ಯವನ್ನು ಮತ್ತೆ ಕಟ್ಟಿದ್ದು. ಕ್ರಿ.ಶ. 642ರ ಸುಮಾರಿಗೆ ಪಲ್ಲವ ನರಸಿಂಹವರ್ಮ ಚಾಲುಕ್ಯರ ರಾಜಧಾನಿ ವಾತಾಪಿಯನ್ನು, ಎಂದರೆ ಬಾದಾಮಿಯನ್ನು, ಹಿಡಿದ. ಬಾದಾಮಿಯ ಬಂಡೆಯ ಮೇಲೆ ಅವನ ಶಾಸನ ಇಂದಿಗೂ ಇದೆ. ಇಮ್ಮಡಿ ಪುಲಕೇಶಿಯ ಬಳಿಕ ರಾಜ್ಯ ಹರಿದು ಹಂಚಿಹೋಗಿತ್ತು. 655ರ ಸುಮಾರಿಗೆ ಪಟ್ಟಕ್ಕೆ ಬಂದ ಮಗ ವಿಕ್ರಮಾದಿತ್ಯ ಚಿತ್ರಕಂಠವೆಂಬ ಕುದುರೆ ಮತ್ತು ಕತ್ತಿಯ ಬಲದಿಂದಲೇ ಅದನ್ನು ಮರಳಿ ಪಡೆದನೆಂದು ಅವನ ತಾಮ್ರಶಾಸನಗಳು ಹೊಗಳುತ್ತವೆ.

ಆದರೆ ನನ್ನ ಮನಸ್ಸನ್ನು ಹಿಡಿದದ್ದು ಅದೇ ಶಾಸನಗಳ ಇನ್ನೊಂದು ಮಾತು: ನಿಂತುಹೋಗಿದ್ದ ದೇವಸ್ವ (ದೇವಾಲಯದ ದತ್ತಿ), ಬ್ರಹ್ಮದೇಯಗಳನ್ನು (ಬ್ರಾಹ್ಮಣರಿಗೆ ಕೊಟ್ಟ ದತ್ತಿ) ಅವನು ಮತ್ತೆ ನಡೆಸಿದ. ದತ್ತಿ ಭೂಮಿಯನ್ನು ಹಳೆಯ ಹಕ್ಕುದಾರರಿಗೆ ಒಪ್ಪಿಸಬೇಕಾದರೆ ಅರಸನ ಮಾತು ಊರೂರಲ್ಲೂ ನಡೆಯಬೇಕು. ಕುದುರೆ, ಕತ್ತಿಗಳಿಂದಷ್ಟೇ ಆಗುವ ಕೆಲಸವಲ್ಲ ಅದು.

ವಿಕ್ರಮಾದಿತ್ಯನ ಅಣ್ಣ ಚಂದ್ರಾದಿತ್ಯನ ರಾಣಿ ವಿಜಯಭಟ್ಟಾರಿಕೆ ತನ್ನ ಹೆಸರಿನಲ್ಲೇ ನೇರೂರು, ಕೊಚ್ರೆ ತಾಮ್ರಪಟಗಳನ್ನು ಹೊರಡಿಸಿದವಳು. ಅವಳನ್ನು ಲೇಖನ ಒಂದು ಸಾಲಿನಲ್ಲಾದರೂ ನೆನೆಯಬೇಕಿತ್ತು.

ಇನ್ನು ಕಂಚಿಯ ಮಾತು. ವಿಕ್ರಮಾದಿತ್ಯನದೇ ಆದ 674ರ ಗದ್ವಾಲ ಶಾಸನ ಕಾವೇರಿಯ ದಕ್ಷಿಣ ದಡದ ಉರಗಪುರದ ಸೇನಾಬೀಡಿನಿಂದ ಹೊರಟದ್ದು ನಿಜ; ಅಂದರೆ ಅವನ ದಂಡು ಅಷ್ಟು ದೂರ ಹೋಗಿತ್ತು. ಪಲ್ಲವರ ಕೂರಂ ಶಾಸನವಾದರೋ ವಿಕ್ರಮಾದಿತ್ಯ ಚಿಂದಿ ಹೊದ್ದು ಒಬ್ಬನೇ ಓಡಿದ ಎನ್ನುತ್ತದೆ. ಎರಡನ್ನೂ ಎದುರುಬದುರು ಇಟ್ಟು ಬರೆಯಿರಿ ಎಂಬುದು ಲೇಖಕರಿಗೆ ನನ್ನ ಕೋರಿಕೆ.