ಲಾವಾ ಲ್ಯಾಂಪಿಗೊಂದು ಮೊಟ್ಟೆ

ಇಂಗ್ಲೆಂಡಿನ ಬೋರ್ನ್‌ಮತ್‌ನಲ್ಲಿ ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ, ಬೇಸಿಗೆಯ ಭಾನುವಾರಗಳಂದು ಒಂದು ಸಂತೆ ಸೇರುತ್ತದೆ. ಸೊಪ್ಪು ತರಕಾರಿಯ ಸಂತೆ ಅಲ್ಲ. ಜನ ಮನೆಯಲ್ಲಿ ಬೇಡವಾದದ್ದನ್ನೆಲ್ಲ ಕಾರಿಗೆ ತುಂಬಿಕೊಂಡು ಬಯಲಿಗೆ ಬರುತ್ತಾರೆ. ಡಿಕ್ಕಿ ತೆರೆದು ಮಾರಲು ನಿಲ್ಲುತ್ತಾರೆ. ಕಾರ್ ಬೂಟ್ ಸೇಲ್ ಅಂತ ಅದರ ಹೆಸರು. ಒಬ್ಬರ ಅಟ್ಟದ ಕಸ ಇನ್ನೊಬ್ಬರ ಅಟ್ಟಕ್ಕೆ ವರ್ಗವಾಗುವ ಜಾಗ.

ಅಲ್ಲಿ ನಾಲ್ಕು ಪೌಂಡ್ ಕೊಟ್ಟು ಒಂದು ಹಳೆಯ ಲಾವಾ ಲ್ಯಾಂಪ್ ತಂದೆ. ಮಾರಿದ ಅಜ್ಜಿ ಸುಳ್ಳು ಹೇಳಲಿಲ್ಲ. "ಹತ್ತುತ್ತದೆ, ಆದರೆ ಏಳುವುದಿಲ್ಲ" ಅಂದರು. ನನ್ನ ಭಾನುವಾರದ ಬೆಳಗ್ಗೆಗಳ ಬಗ್ಗೆ ನನ್ನ ಹೆಂಡತಿಯೂ ಹೆಚ್ಚೂ ಕಡಿಮೆ ಇದನ್ನೇ ಹೇಳುತ್ತಾಳೆ. ಅದಕ್ಕೇ ಇರಬೇಕು, ದೀಪದ ಮೇಲೆ ಒಂಥರಾ ಕನಿಕರ ಬಂತು.

ನೋಡದವರಿಗೆ ಹೇಳಬೇಕೆಂದರೆ, ಕೆಳಗೊಂದು ಲೋಹದ ಬುಡ, ಅದರೊಳಗೆ ಬಲ್ಬು. ಮೇಲೆ ಸೌತೆಕಾಯಿಯಂತೆ ನಡು ಉಬ್ಬಿದ ಗಾಜಿನ ಬಾಟಲಿ. ಅದರ ತುಂಬ ಬಣ್ಣದ ನೀರು, ತಳದಲ್ಲಿ ಮೇಣ. ಬಲ್ಬು ಹಾಕಿದರೆ ಮೇಣ ಕರಗಿ ದೊಡ್ಡ ದೊಡ್ಡ ಉಂಡೆಗಳಾಗಿ ಮೇಲೇಳಬೇಕು, ಮೇಲೆ ಹೋಗಿ ಆರಿ ಕೆಳಗಿಳಿಯಬೇಕು. ಅಷ್ಟೇ ಅದರ ಕೆಲಸ. ಓದಲು ಬೆಳಕು ಸಾಲದು, ಮಲಗಲು ಬೆಳಕು ಜಾಸ್ತಿ. ನಮ್ಮದರಲ್ಲಿ ನೀರು ಅಕ್ಕಿ ತೊಳೆದ ನೀರಿನಂತೆ ಕದಡಿತ್ತು. ಮೇಣ ತಳ ಹಿಡಿದ ಮುದ್ದೆಯ ಹಾಗೆ ಕೂತಿತ್ತು. ಬುಡದ ಚೀಟಿಯಲ್ಲಿ ಮಾಡಿದವರ ಹೆಸರು ಅಳಿಸಿಹೋಗಿ, 1990ರ ದಶಕದ ಒಂದು ವರ್ಷ ಮಾತ್ರ ಉಳಿದಿತ್ತು.

ಆ ಬೇಸಿಗೆಯಲ್ಲಿ ಅವ್ವ ನಮ್ಮ ಜೊತೆಗಿದ್ದಳು. ಅಪ್ಪ ಬಂದಿರಲಿಲ್ಲ. ನಾಲೆಗೆ ನೀರು ಬಿಡುವ ಹೊತ್ತಿಗೆ ಮಂಡ್ಯ ಬಿಟ್ಟು ಲಂಡನ್ನಿಗೆ ಹೋಗುವುದು ಅಪ್ಪನ ಲೆಕ್ಕದಲ್ಲಿ ಹುಚ್ಚರ ಕೆಲಸ. (ಇಂಗ್ಲೆಂಡಿನಲ್ಲಿ ಎಲ್ಲಿದ್ದರೂ ಅಪ್ಪನಿಗೆ ಅದು ಲಂಡನ್ನೇ.) ಅವ್ವ ದೀಪದ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದಳು, "ಇದೇನ್ಲಾ ಮಗ, ದೀಪ ಅಂತೀಯ, ನೋಡಿದ್ರೆ ಕೆಟ್ಟೋದ ಉಪ್ಪಿನಕಾಯಿ ಜಾಡಿ ಇದ್ದಂಗದೆ."

ಆಮೇಲೆ ಗೊತ್ತಾಯಿತು, ಅವ್ವ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಈ ದೀಪದ ಅರ್ಧ ಗುಟ್ಟು ಇರುವುದು ಉಪ್ಪಿನಲ್ಲೇ.

ಮೊದಲ ತಪ್ಪು ಬಲ್ಬಿನದು. ಬುಡದಲ್ಲಿದ್ದ ಬಲ್ಬು ಒಂದು ಸಲ ಹತ್ತಿ ಢಬ್ ಅಂತ ಹೋಯಿತು. ಮನೆಯಲ್ಲಿದ್ದ ಎಲ್ಇಡಿ ಹಾಕಿದೆ. ಚೆನ್ನಾಗಿಯೇ ಬೆಳಗಿತು. ಒಂದು ಗಂಟೆ ಕಾದೆ, ಎರಡು ಗಂಟೆ ಕಾದೆ, ಊಟ ಮುಗಿಸಿ ಬಂದು ನೋಡಿದೆ. ಮೇಣ ಮಿಸುಕಾಡಲಿಲ್ಲ. ಬಾಟಲಿ ಮುಟ್ಟಿದರೆ ತಣ್ಣಗಿತ್ತು. ಆಗ ತಲೆಗೆ ಹೊಳೆಯಿತು. ತಂತಿಯ ಹಳೆಯ ಬಲ್ಬು ತಿನ್ನುವ ಕರೆಂಟಿನಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಮೇಲೆ ಬಿಸಿಯಾಗಿ ಹೋಗುತ್ತದೆ. ಅದು ದಂಡ ಅಂತಲೇ ಅಲ್ವಾ ಎಲ್ಲ ಕಡೆ ಎಲ್ಇಡಿ ಬಂದದ್ದು? ಈ ದೀಪ ಬದುಕುವುದೇ ಆ ದಂಡದ ಮೇಲೆ. ಬುಡದಲ್ಲಿ 40 ವ್ಯಾಟ್ ಅಂತ ಬರೆದಿತ್ತು. ಅದೇ ಅಳತೆಯ ತಂತಿ ಬಲ್ಬು ಹುಡುಕಿ ತರಿಸಿದೆ. ಕರೆಂಟ್ ಬಿಲ್ ಉಳಿಸುವ ಮನೆಯಲ್ಲಿ ಅದನ್ನು ತುಸು ಮರೆಯಲ್ಲೇ ಬಿಚ್ಚಬೇಕಾಯಿತು.

ಹೊಸ ಬಲ್ಬಿಗೆ ಮೇಣ ಕರಗಿತು. ಇನ್ನೇನು ಎದ್ದೀತು ಅಂತ ಕಾದು ಕಾದು, ತಾಳ್ಮೆಗೆಟ್ಟು ಬಾಟಲಿಯನ್ನು ಒಂದೇ ಒಂದು ಸಲ ಅಲುಗಾಡಿಸಿದೆ. ಟಾನಿಕ್ ಬಾಟಲಿ ಅಲುಗಾಡಿಸಿ ಬೆಳೆದ ಕೈ ಅಲ್ವಾ. ಬಿಸಿಯಿದ್ದಾಗ ಲಾವಾ ಲ್ಯಾಂಪಿಗೆ ಮಾಡಬಾರದ್ದು ಅದೊಂದೇ. ಮೇಣ ಸಣ್ಣ ಸಣ್ಣ ಕಣವಾಗಿ ನೀರಿನಲ್ಲಿ ಬೆರೆತುಹೋಯಿತು. ಅಕ್ಕಿ ತೊಳೆದ ನೀರಿನಂತಿದ್ದದ್ದು ಈಗ ಸೀದಾ ಮಜ್ಜಿಗೆ.

ಇನ್ನು ನೀರು ಬದಲಿಸದೆ ದಾರಿ ಇರಲಿಲ್ಲ.

ಈ ದೀಪ ಹುಟ್ಟಿದ್ದು ನಮ್ಮ ಪಕ್ಕದ ಊರು ಪೂಲ್‌ನಲ್ಲಿ ಎಂಬುದು ನನಗೆ ತಿಳಿದದ್ದೇ ಈ ರಿಪೇರಿಯ ದೆಸೆಯಿಂದ. ಎಡ್ವರ್ಡ್ ಕ್ರೇವನ್ ವಾಕರ್ ಅಂತ ಒಬ್ಬ. ಎರಡನೇ ಮಹಾಯುದ್ಧದಲ್ಲಿ ವಿಮಾನ ಹಾರಿಸಿದವನು. ಯುದ್ಧ ಮುಗಿದ ಮೇಲೆ ದಕ್ಷಿಣ ಇಂಗ್ಲೆಂಡಿನ ಒಂದು ಪಬ್ಬಿನಲ್ಲಿ ಕೂತಿದ್ದಾಗ ಒಲೆಯ ಬಳಿ ಒಂದು ವಿಚಿತ್ರ ವಸ್ತು ಕಂಡ. ಗಾಜಿನ ಪಾತ್ರೆಯಲ್ಲಿ ಯಾರೋ ನೀರು ಮತ್ತು ಮೇಣದಂಥದ್ದು ಏನೋ ತುಂಬಿದ್ದರು. ಅದು ಮೊಟ್ಟೆ ಬೇಯಿಸುವ ಗಡಿಯಾರ. ಮೊಟ್ಟೆಯ ಜೊತೆ ಒಲೆಯ ಮೇಲಿಟ್ಟರೆ ಸರಿ. ಮೇಣ ಎದ್ದಿತೆಂದರೆ ಮೊಟ್ಟೆ ಬೆಂದಿತು ಅಂತ ಲೆಕ್ಕ. ನೋಡಿದ ಬೇರೆಯವರೆಲ್ಲ ಮೊಟ್ಟೆ ತಿಂದು ಎದ್ದುಹೋಗಿರಬೇಕು. ಇವನೊಬ್ಬ ಮೊಟ್ಟೆ ಬಿಟ್ಟು ಗಡಿಯಾರ ಹಿಡಿದುಕೊಂಡ. ವರ್ಷಗಟ್ಟಲೆ ಅದರ ಹಿಂದೆ ಬಿದ್ದು, ಕಿತ್ತಳೆ ಸ್ಕ್ವಾಷಿನ ಬಾಟಲಿಗಳಲ್ಲೆಲ್ಲ ಪ್ರಯೋಗ ಮಾಡಿ, 1963ರಲ್ಲಿ ಆಸ್ಟ್ರೋ ಅನ್ನುವ ಹೆಸರಿನಲ್ಲಿ ದೀಪ ಮಾರಾಟಕ್ಕೆ ಬಿಟ್ಟ. ಲಾವಾ ಅನ್ನುವ ಹೆಸರು ಆಮೇಲೆ ಅಮೆರಿಕದವರು ಕಟ್ಟಿದ್ದು. ಪೂಲ್‌ನಲ್ಲಿ ಈಗಲೂ ಈ ದೀಪ ಮಾಡುತ್ತಾರೆ.

ಈ ಪುಣ್ಯಾತ್ಮ ಬಟ್ಟೆಯಿಲ್ಲದೆ ಬದುಕುವುದೇ ಆರೋಗ್ಯ ಎಂದು ನಂಬಿದವನು. ಅಂಥವರಿಗಾಗಿ ಕ್ಲಬ್ ನಡೆಸಿದ, ಆ ಬಗ್ಗೆ ಸಿನಿಮಾ ಕೂಡ ತೆಗೆದ. ಉಳಿದ ಕಥೆಯನ್ನೆಲ್ಲ ಅವ್ವನಿಗೆ ಹೇಳಿದೆ, ಇದೊಂದನ್ನು ಬಿಟ್ಟು. ನಡುಮನೆಯಲ್ಲಿಡುವ ದೀಪ, ಸುಮ್ನೆ ಯಾಕೆ?

ರಿಪೇರಿ ಶುರುವಾಯಿತು. ಬಾಟಲಿಯ ಬಾಯಿಗೆ ಸೋಡಾ ಬಾಟಲಿಯ ಥರದ್ದೇ ಮುಚ್ಚಳ. ಮೇಣ ಪೂರ್ತಿ ಗಟ್ಟಿಯಾಗಲಿ ಅಂತ ಒಂದು ರಾತ್ರಿ ತಣ್ಣಗೆ ಬಿಟ್ಟು, ಬೆಳಗ್ಗೆ ಓಪನರ್ ಹಾಕಿ ಮೆಲ್ಲಗೆ ತೆಗೆದೆ. ಹಿತ್ತಲಿನಲ್ಲಿ ಕೂತೇ ತೆಗೆದೆ. 1960ರ ದಶಕದ ಪೇಟೆಂಟಿನಲ್ಲಿ ಮೇಣಕ್ಕೆ ಕಾರ್ಬನ್ ಟೆಟ್ರಾಕ್ಲೋರೈಡ್ ಬೆರೆಸಬೇಕು ಅಂತ ಇದೆ. ಮೇಣ ಸಹಜವಾಗಿ ನೀರಿನ ಮೇಲೆ ತೇಲುವ ವಸ್ತು. ಅದನ್ನು ಮುಳುಗಿಸಲು ಹೀಗೆ ಭಾರ ಕಟ್ಟಬೇಕಾಗಿತ್ತು. ಆ ದ್ರವ ಲಿವರಿಗೆ ವಿಷ. ನನ್ನದು ಅಷ್ಟು ಹಳೆಯದಲ್ಲ ನಿಜ, ಆದರೂ ಮೇಣದ ತಂಟೆಗೇ ಹೋಗಲಿಲ್ಲ. ನೀರನ್ನು ಮಾತ್ರ ಬಗ್ಗಿಸಿದೆ. ತಣ್ಣೀರು ಹಾಕಿ ಮೆಲ್ಲಗೆ ತೊಳೆದು ಚೆಲ್ಲಿದೆ, ಮೂರು ಸಲ. ಮೇಣದಲ್ಲಿ ಅರ್ಧ ಹೂತಿದ್ದ ತಂತಿಯ ಸುರುಳಿಯೊಂದು ಕಂಡಿತು. ಅದನ್ನು ಕಸ ಅಂತ ಕೀಳಲು ಹೋದವನು ಪುಣ್ಯಕ್ಕೆ ತಡೆದೆ. ಕೆಳಗಿಳಿದ ಉಂಡೆಗಳು ಬುಡದ ಮೇಣದೊಂದಿಗೆ ಮತ್ತೆ ಒಂದಾಗುವುದು ಆ ಸುರುಳಿಯಿಂದ. ಉಂಡೆಯ ಮೈಯನ್ನು ಅದು ಒಡೆಯದಿದ್ದರೆ ಉಂಡೆ ಉಂಡೆಯಾಗಿಯೇ ಉಳಿದುಬಿಡುತ್ತದೆ. ಊರಿಗೆ ಮರಳಿದವರನ್ನು ಮನೆಯೊಳಗೆ ಸೇರಿಸಿಕೊಳ್ಳಲು ಅಜ್ಜಿಯೊಬ್ಬಳು ಬೇಕಲ್ಲ, ಹಾಗೆ.

ಹೊಸ ನೀರಿಗೆ ನಲ್ಲಿ ನೀರು ಆಗದು. ನಮ್ಮ ಕಡೆಯ ನೀರು ಗಡಸು, ಕೆಟಲಿನ ಒಳಗೆಲ್ಲ ಸುಣ್ಣ ಕಟ್ಟುತ್ತದೆ. ಕಾರಿನ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಕ್ಯಾನ್ ತಂದು ಕುತ್ತಿಗೆವರೆಗೆ ತುಂಬಿದೆ. ಬಿಸಿಗೆ ಹಿಗ್ಗಲು ಮೇಲೆ ಸ್ವಲ್ಪ ಜಾಗ ಬಿಟ್ಟೆ. ಬಲ್ಬು ಹಾಕಿದೆ. ಮೇಣ ಕರಗಿತು, ಗುಮ್ಮಟದಂತೆ ಉಬ್ಬಿತು, ಅಲ್ಲೇ ನಿಂತಿತು.

ಅಲ್ಲಿಗೆ ಈ ದೀಪದ ನಿಜವಾದ ಗುಟ್ಟಿಗೆ ಬಂದೆ. ತಣ್ಣಗಿದ್ದಾಗ ಮೇಣ ನೀರಿಗಿಂತ ಚೂರೇ ಚೂರು ಭಾರ ಇರಬೇಕು. ಬಿಸಿಯಾದಾಗ ಅದು ನೀರಿಗಿಂತ ಜಾಸ್ತಿ ಹಿಗ್ಗುತ್ತದೆ, ಚೂರೇ ಚೂರು ಹಗುರಾಗುತ್ತದೆ. ಎರಡು ಚೂರುಗಳ ನಡುವೆ ಇಡೀ ಆಟ. ಬರೀ ನೀರು ಹಾಕಿದರೆ ಮೇಣಕ್ಕೆ ಏಳಲಾಗದು. ನೀರನ್ನೇ ಸ್ವಲ್ಪ ಭಾರ ಮಾಡಬೇಕು. ಅದಕ್ಕೆ ಉಪ್ಪು.

ಅಡುಗೆಮನೆಯ ಪುಡಿ ಉಪ್ಪಿನ ಡಬ್ಬಕ್ಕೆ ಕೈ ಹಾಕಿದ್ದೇ ತಡ, ಅವ್ವ ತಡೆದಳು. "ಪುಡಿ ಉಪ್ಪು ಹಾಕ್ಬ್ಯಾಡ, ನೀರು ಬೆಳ್ಳಗಾಯ್ತದೆ. ಉಪ್ಪಿನಕಾಯ್ಗೆ ಯಾರಾದ್ರೂ ಪುಡಿ ಉಪ್ಪು ಹಾಕ್ತಾರಾ?" ಸರಿಯಾದ ಮಾತು. ಗಂಟು ಕಟ್ಟದಿರಲಿ ಅಂತ ಪುಡಿ ಉಪ್ಪಿಗೆ ಬೆರೆಸುವ ಪದಾರ್ಥ ನೀರನ್ನು ಕದಡುತ್ತದೆ. ಅವ್ವ ಕಲ್ಲುಪ್ಪನ್ನು ಬಿಸಿನೀರಿನಲ್ಲಿ ಕರಗಿಸಿ, ಬಿಳಿ ಬಟ್ಟೆಯಲ್ಲಿ ಎರಡು ಸಲ ಸೋಸಿ ಕೊಟ್ಟಳು. ಎಷ್ಟು ಉಪ್ಪು ಅನ್ನುವುದು ಮಾತ್ರ ಅವಳಿಗೂ ಗೊತ್ತಿರಲಿಲ್ಲ, ನನಗೂ ಇಲ್ಲ.

ಸಂಜೆ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದಾಗ ಅಳತೆ ಸಿಕ್ಕಿತು. ಅಪ್ಪ ಒಟ್ಲು ಬಿಡುವ ಗಡಿಬಿಡಿಯಲ್ಲಿದ್ದ. ದೀಪದ ಕಥೆಯನ್ನು ಅರ್ಧಕ್ಕೇ ತಡೆದು, "ಮೊಟ್ಟೆ ಬಿಟ್ಟು ನೋಡ್ಲಾ" ಅಂದ.

ನನಗೆ ನಾಚಿಕೆಯಾಯಿತು. ಮರೆತೇಬಿಟ್ಟಿದ್ದೆ. ಬಿತ್ತನೆ ಭತ್ತ ಆರಿಸುವಾಗ ಅಪ್ಪ ಮಾಡುತ್ತಿದ್ದದ್ದು ಇದನ್ನೇ. ದೊಡ್ಡ ಪಾತ್ರೆಯಲ್ಲಿ ನೀರು, ಅದಕ್ಕೊಂದು ಕೋಳಿಮೊಟ್ಟೆ. ಮೊಟ್ಟೆ ತಳದಲ್ಲಿ ಕೂರುತ್ತದೆ. ಹಿಡಿ ಹಿಡಿ ಉಪ್ಪು ಹಾಕಿ ಕಲಕುತ್ತ ಹೋದರೆ ಮೊಟ್ಟೆ ನಿಧಾನಕ್ಕೆ ಏಳುತ್ತದೆ. ನೀರಿನ ಮೇಲೆ ನಾಲ್ಕಾಣೆ ಅಗಲ ಮೊಟ್ಟೆ ಕಂಡರೆ ಉಪ್ಪು ಸಾಕು. ಆಮೇಲೆ ಭತ್ತ ಸುರಿದರೆ ಜೊಳ್ಳು ತೇಲುತ್ತದೆ, ಗಟ್ಟಿ ಕಾಳು ಮುಳುಗುತ್ತದೆ. ತೇಲಿದ್ದನ್ನು ಬಾಚಿ ಎಸೆದು, ಉಳಿದದ್ದನ್ನು ಒಳ್ಳೆಯ ನೀರಿನಲ್ಲಿ ಎರಡು ಮೂರು ಸಲ ತೊಳೆಯಬೇಕು. ಆ ಮೊಟ್ಟೆಯನ್ನು ಪಾತ್ರೆಗೆ ಬಿಡುವ ಕೆಲಸ ಚಿಕ್ಕಂದಿನಲ್ಲಿ ನನ್ನದೇ ಆಗಿತ್ತು. ನಾಲ್ಕಾಣೆ ಚಲಾವಣೆಯಿಂದ ಹೋಗಿ ಯಾವ ಕಾಲವಾಯಿತು. ಅಪ್ಪನ ಅಳತೆ ಬದಲಾಗಿಲ್ಲ.

"ದೀಪಕ್ಕೆ ಅಷ್ಟು ಉಪ್ಪು ಬ್ಯಾಡ," ಅಂತ ಕಂಡವನ ಹಾಗೆ ಹೇಳಿದ. "ಮೊಟ್ಟೆ ತೇಲೋ ನೀರು ಮಾಡಿಟ್ಕೋ. ಅದ್ರಲ್ಲಿ ತೊಟ್ಟು ತೊಟ್ಟು ಬಿಡು. ನಿಂಗೆ ತಡೆಯಾಕಿಲ್ಲ, ಗೊತ್ತು ನಂಗೆ."

ಅಪ್ಪನಿಗೆ ಗೊತ್ತಿದ್ದದ್ದು ನಿಜವೇ ಆಯಿತು. ಫ್ರಿಜ್ಜಿನಿಂದ ಮೊಟ್ಟೆ ತೆಗೆದು, ಅವ್ವನ ಉಪ್ಪುನೀರಿನಲ್ಲಿ ತೇಲಿಸಿ, ಮಗಳ ಜ್ವರದ ಔಷಧಿಯ ಸಿರಿಂಜಿನಲ್ಲಿ ತೊಟ್ಟು ತೊಟ್ಟಾಗಿಯೇ ಶುರು ಮಾಡಿದೆ. ಒಂದು ಸಿರಿಂಜು ಹಾಕು, ಹದಿನೈದು ನಿಮಿಷ ಕಾಯು. ಇನ್ನೊಂದು ಹಾಕು, ಮತ್ತೆ ಕಾಯು. ಎಂಟು ಸಲ ಆದ ಮೇಲೂ ಮೇಣ ಗುಮ್ಮಟವಾಗಿಯೇ ಕೂತಿತ್ತು. ಎತ್ತಿ ಅರ್ಧ ಲೋಟ ಸುರಿದೆ.

ಮೇಣ ಎದ್ದಿತು. ಅಷ್ಟೂ ಒಂದೇ ಸಲ ಎದ್ದಿತು. ಮೇಲೆ ಹೋಗಿ ಕೆನೆಯ ಹಾಗೆ ಕಟ್ಟಿ ಕೂತಿತು. ಇಳಿಯುವ ಮಾತೇ ಇಲ್ಲ. ತಣ್ಣಗಾದ ಮೇಲೂ ಅಲ್ಲೇ. ದೀಪ ಇಡೀ ಜೊಳ್ಳಾಗಿಬಿಟ್ಟಿತ್ತು.

ಆ ರಾತ್ರಿ ಒಂದಷ್ಟು ನೀರು ತೆಗೆದು ಹೊಸ ನೀರು ಹಾಕಿದೆ. ಈಗ ಉಪ್ಪು ಕಡಿಮೆ. ಮತ್ತೆ ಸಿರಿಂಜು. ನಡುವೆ ಪಾತ್ರೆ ತೊಳೆಯುವ ಸೋಪಿನ ದ್ರವ ಒಂದೆರಡು ತೊಟ್ಟು ಬೇಕು ಅಂತ ಗೊತ್ತಾಯಿತು. ಮೇಣ ಗಾಜಿಗೆ ಅಂಟದೆ ಹರಿದಾಡಲು ಅದು ಬೇಕು. ಒಂದೆರಡು ತೊಟ್ಟು ಅಂದಲ್ಲಿ ನಾನು ಎಷ್ಟು ಹಾಕಿದೆ ಅಂತ ಹೇಳುವುದಿಲ್ಲ. ಮೇಣ ಒಡೆದು ಸಣ್ಣ ಸಣ್ಣ ಮಣಿಗಳಾಯಿತು. ಹೆಂಡತಿ ಬಂದು ನೋಡಿ, "ಸಬ್ಬಕ್ಕಿ ಪಾಯಸ ಚೆನ್ನಾಗಿ ಬಂದಿದೆ, ದ್ರಾಕ್ಷಿ ಗೋಡಂಬಿ ಹಾಕಿಬಿಡಿ" ಅಂದು ಮಲಗಲು ಹೋದಳು. ಮತ್ತೆ ಎಲ್ಲ ಚೆಲ್ಲಿ ಮೊದಲಿನಿಂದ.

ಈ ಕಾಯುವಿಕೆ ತಡೆಯಲಾರದೆ ಒಂದು ಕೆಟ್ಟ ಯೋಚನೆ ಬಂದದ್ದು ನಿಜ. ಬಲ್ಬಿಗೆ ಎರಡು ಗಂಟೆ ಬೇಕು, ಗ್ಯಾಸ್ ಒಲೆಗೆ ಎರಡು ನಿಮಿಷ ಸಾಕಲ್ಲ? ಯೋಚನೆಯನ್ನು ಅಲ್ಲೇ ಬಿಟ್ಟೆ. 2004ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಒಬ್ಬ ಯುವಕ ಇದನ್ನೇ ಮಾಡಿದ್ದ. ಮುಚ್ಚಿದ ಬಾಟಲಿ ಸಿಡಿದು, ಗಾಜಿನ ಚೂರು ಎದೆಗೆ ನೆಟ್ಟು ಸತ್ತುಹೋದ. ಒಲೆಯಿಂದಲೇ ಹುಟ್ಟಿದ ಕಲ್ಪನೆ ಇದು, ಆದರೂ ಮತ್ತೆ ಒಲೆಗೆ ಹೋಗಬಾರದು.

ಅವ್ವನಿಗೆ ಹೊತ್ತು ಹೋಗಲಿ ಅಂತ ಇನ್ನೊಂದು ಸಂಗತಿ ಹೇಳಿದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕ್ಲೌಡ್‌ಫ್ಲೇರ್ ಅನ್ನುವ ಇಂಟರ್ನೆಟ್ ಕಂಪನಿ ತನ್ನ ಆಫೀಸಿನ ಒಂದು ಗೋಡೆಗೆ ಸುಮಾರು ನೂರು ಲಾವಾ ಲ್ಯಾಂಪ್ ಜೋಡಿಸಿದೆ. ಕ್ಯಾಮೆರಾ ಅವುಗಳ ಫೋಟೋ ತೆಗೆಯುತ್ತಲೇ ಇರುತ್ತದೆ. ಯಾವ ಉಂಡೆ ಯಾವಾಗ ಎಲ್ಲಿಗೆ ಹೋಗುತ್ತದೆ ಅಂತ ಯಾರೂ ಮೊದಲೇ ಹೇಳಲಾರರು. ಆ ಚಿತ್ರಗಳಿಂದ ಯಾರೂ ಊಹಿಸಲಾಗದ ಅಂಕಿಗಳನ್ನು ತೆಗೆದು, ಗುಟ್ಟಿನ ಮಾಹಿತಿಗೆ ಬೀಗ ಹಾಕಲು ಬಳಸುತ್ತಾರೆ. ಅವ್ವ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದಳು: "ನೂರಾ? ಧೂಳು ವರೆಸೋರು ಯಾರು?"

ಮೂರನೇ ದಿನ, ಶನಿವಾರ ಸಂಜೆ. ಹೊಸ ನೀರು, ಸೋಪು ನಿಜವಾಗಿಯೂ ಎರಡೇ ತೊಟ್ಟು, ಸಿರಿಂಜು ಅವ್ವನ ಕೈಯಲ್ಲಿ. ನನ್ನ ಕೈಗೆ ಕೊಡಬೇಡಿ ಅಂತ ಅಪ್ಪ ಫೋನಿನಲ್ಲೇ ಆಜ್ಞೆ ಮಾಡಿದ್ದ. ಉಪ್ಪುನೀರಿನಿಂದ ಎತ್ತಿದ ಮೊಟ್ಟೆಯನ್ನು ಸುಮ್ನೆ ಯಾಕೆ ಹಾಳು ಮಾಡುವುದು ಅಂತ ಅವ್ವ ಬೇಯಲು ಇಟ್ಟು ಬಂದಿದ್ದಳು. ಹತ್ತು ತೊಟ್ಟು ಬಿಡುತ್ತಾಳೆ, ಸೊಪ್ಪು ಬಿಡಿಸುತ್ತಾಳೆ. ಮತ್ತೆ ಹತ್ತು ತೊಟ್ಟು, ಮತ್ತೆ ಸೊಪ್ಪು. ದೀಪದ ಕಡೆ ನೋಡುವುದೇ ಇಲ್ಲ.

ಗುಮ್ಮಟದ ನೆತ್ತಿ ಸಣ್ಣಗೆ ಚೂಪಾಯಿತು. ಕತ್ತು ಬೆಳೆಯಿತು. ಇನ್ನೂ ಬೆಳೆಯಿತು. ಕತ್ತು ಸಣ್ಣಗಾಗಿ ತುಂಡಾಗಿ, ನಿಂಬೆಹಣ್ಣಿನಷ್ಟು ದೊಡ್ಡ ಕೆಂಪು ಉಂಡೆಯೊಂದು ಯಾರ ಹಂಗೂ ಇಲ್ಲದ ಹಾಗೆ ಮೇಲಕ್ಕೆ ಹೊರಟಿತು. ನೆತ್ತಿಯ ಬಳಿ ಸ್ವಲ್ಪ ಹೊತ್ತು ನಿಂತಿತು. ಯೋಚನೆ ಬದಲಿಸಿದಂತೆ ಇಳಿಯತೊಡಗಿತು. ಅಷ್ಟರಲ್ಲಿ ಕೆಳಗಿನಿಂದ ಇನ್ನೊಂದು ಹೊರಟಿತ್ತು. ನಡುದಾರಿಯಲ್ಲಿ ಎರಡೂ ಒಂದಕ್ಕೊಂದು ತಾಗಿ, ಸೇರದೆ, ಪಕ್ಕಕ್ಕೆ ಸರಿದುಕೊಂಡು ಹೋದವು. ಕಿರಿದಾದ ಓಣಿಯಲ್ಲಿ ಎದುರಾದ ಇಬ್ಬರು ದಡೂತಿ ಹೆಂಗಸರಂತೆ.

"ಅಯ್ಯೋ!" ಅಂದಳು ಅವ್ವ. ಸೊಪ್ಪು ಕೈಯಲ್ಲೇ ಉಳಿಯಿತು. ಮಗಳು ಬಂದು ತೊಡೆಯ ಮೇಲೆ ಕೂತಳು. ಹೆಂಡತಿ ನಡುಮನೆಯ ಲೈಟು ಆರಿಸಿದಳು. ಮಂಡ್ಯದಲ್ಲಿ ನಡುರಾತ್ರಿ ದಾಟಿತ್ತು. ಆದರೂ ಅಪ್ಪನಿಗೆ ಕರೆ ಮಾಡಿ ಫೋನನ್ನು ದೀಪಕ್ಕೆ ಹಿಡಿದೆ. ನಿದ್ದೆಗಣ್ಣಿನಲ್ಲಿ ಅಪ್ಪ ತುಂಬ ಹೊತ್ತು ಏನೂ ಹೇಳಲಿಲ್ಲ. ಫೋನು ಕಟ್ ಆಯಿತೇನೋ ಅಂದುಕೊಂಡೆ. ಆಮೇಲೆ ಕೇಳಿದ, "ಇದು ಏನ್ ಮಾಡ್ತದೆ?"

"ಏನೂ ಮಾಡಲ್ಲಪ್ಪ. ಹಿಂಗೇ ಹೋಗುತ್ತೆ, ಬರುತ್ತೆ."

"ಹ್ಞೂಂ. ಇನ್ನೊಂಚೂರು ಹತ್ರ ಹಿಡಿ."

ಎಷ್ಟು ಹೊತ್ತು ಹಾಗೆ ಕೂತಿದ್ದೆವೋ ತಿಳಿಯದು. ಅಡುಗೆಮನೆಯಿಂದ ಸೀದ ವಾಸನೆ ಬಂದಾಗಲೇ ಎಚ್ಚರ. ಓಡಿಹೋಗಿ ನೋಡಿದರೆ ನೀರೆಲ್ಲ ಆರಿ, ಪಾತ್ರೆಯ ತಳ ಕಪ್ಪಾಗಿ, ಮೊಟ್ಟೆ ಒಡೆದು ಕರಕಲಾಗಿತ್ತು.